ಒದೆ ತಿಂದ ಹುಡುಗ

ಚಿತ್ರದುರ್ಗದ ಬೀದಿ. ಕಾಲೇಜು ಹುಡುಗಿಯ ಹಿಂದೆ ಬಿದ್ದು ಕಾಡುವ ಒಬ್ಬ ಪೋಲಿ. ನಡಿಗೆಯಲ್ಲಿ ಉಡಾಫೆ, ಬಾಯಲ್ಲಿ ಸಿಗರೇಟು. ನಾಯಕನ ಕೈಯಲ್ಲಿ ಒದೆ ತಿಂದರೆ ಅವನ ಕೆಲಸ ಮುಗಿಯಿತು. 1972ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ 'ನಾಗರಹಾವು' ಚಿತ್ರದಲ್ಲಿ ಜಲೀಲನ ಪಾಲಿಗೆ ಇದ್ದದ್ದು ಇಷ್ಟೇ. ಒದೆ ಕೊಟ್ಟ ವಿಷ್ಣುವರ್ಧನ್ ಒಂದೇ ಚಿತ್ರಕ್ಕೆ ನಾಯಕರಾದರು. ತಿಂದವನು ಒಂಬತ್ತು ವರ್ಷ ಕಾಯಬೇಕಾಯಿತು.

ತಿಂದವನ ಊರು ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆ. 1952ರ ಮೇ 29ರಂದು ಹುಟ್ಟಿದ ಈ ಮಳವಳ್ಳಿ ಹುಚ್ಚೇಗೌಡ ಅಮರನಾಥ, ಪಿಟೀಲು ಚೌಡಯ್ಯನವರ ಮೊಮ್ಮಗ. ಅಂಥ ಮನೆತನದ ಹುಡುಗ ತೆರೆಯ ಮೇಲೆ ಪುಂಡನಾಗಿ ಪೆಟ್ಟು ತಿನ್ನುವುದನ್ನು ಯಾವ ತಂದೆ ತಾಯಿ ತಾನೇ ನೆಂಟರೆದುರು ಹೇಳಿಕೊಂಡಾರು? ಚಿತ್ರರಂಗದಲ್ಲಿ ಅಮರನಾಥ ಅಂಬರೀಶ್ ಆದ. ಹೆಸರು ಬದಲಾಯಿತು, ಪಾತ್ರಗಳು ಬೇಗ ಬದಲಾಗಲಿಲ್ಲ.

ನಾಯಕನಿಗೆ ಹಾಡು, ಹೊಡೆದಾಟ, ಅಳು ಎಲ್ಲಕ್ಕೂ ಬಿಡುವಿದೆ. ಪೋಷಕ ನಟನಿಗೆ ದಕ್ಕುವುದು ನಾಲ್ಕಾರು ದೃಶ್ಯ. ಅಷ್ಟರಲ್ಲೇ ಇಡೀ ಮನುಷ್ಯ ಕಾಣಬೇಕು. ಅಂಬರೀಶ್ ಖಳನಾದರು, ಗೆಳೆಯನಾದರು. 1978ರ 'ಪಡುವಾರಳ್ಳಿ ಪಾಂಡವರು' ಚಿತ್ರದಲ್ಲಿ ಊರ ಜಮೀನ್ದಾರನ ವಿರುದ್ಧ ನಿಲ್ಲುವ ಐವರಲ್ಲಿ ಒಬ್ಬರಾದರು.

ಆಮೇಲೆ ಬಂದದ್ದು 1981. ಆ ಒಂದು ವರ್ಷದ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಬೇಕು. 'ರಂಗನಾಯಕಿ'ಯಲ್ಲಿ ಅವರು ನಾಟಕದ ನಟಿಯನ್ನು ಮೆಚ್ಚಿ ಮದುವೆಯಾಗಿ, ಬಣ್ಣ ಹಚ್ಚಕೂಡದೆಂದು ಕಟ್ಟು ಹಾಕುವ ಗಂಡ. ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ನಮ್ಮ ಮನೆಗಳಲ್ಲೇ ಸಿಗುವಂಥವನು. ರಾಜೇಂದ್ರಸಿಂಗ್ ಬಾಬು ಅವರ 'ಅಂತ' ಇದಕ್ಕೆ ಪೂರ್ತಿ ಬೇರೆ: ಪೊಲೀಸ್ ಅಧಿಕಾರಿಯೂ ಅವರೇ, ಅವನಂತೆಯೇ ಕಾಣುವ ಪಾತಕಿ ಕನ್ವರ್‌ಲಾಲನೂ ಅವರೇ. ಜನ ಕನ್ವರ್‌ಲಾಲನನ್ನು ಹೊತ್ತು ಕುಣಿದರು. 'ರೆಬೆಲ್ ಸ್ಟಾರ್' ಎಂಬ ಬಿರುದು ಅಂಟಿತು. 'ರಂಗನಾಯಕಿ'ಯ ಗಂಡನನ್ನು ನೆನೆದವರು ಕಡಿಮೆ. ನಟನೆಯ ಲೆಕ್ಕ ಹಿಡಿದರೆ ಆ ಗಂಡನೇ ಒಂದು ತೂಕ ಹೆಚ್ಚು. ಸ್ಟಾರ್ ಆದಮೇಲೆ ಅಂಥ ಪಾತ್ರ ಅವರನ್ನು ಹುಡುಕಿಕೊಂಡು ಬಂದದ್ದು ಅಪರೂಪ. 1985ರ 'ಮಸಣದ ಹೂವು' ಅಂಥದ್ದೊಂದು, ಅದೂ ಪುಟ್ಟಣ್ಣನವರ ಕೊನೆಯ ಚಿತ್ರ.

1994ರಲ್ಲಿ 'ಮಂಡ್ಯದ ಗಂಡು' ಬಂತು. ಚಿತ್ರದ ಹೆಸರೇ ಮನುಷ್ಯನ ಹೆಸರಾಯಿತು. 1998, 1999, 2004 ಮೂರು ಸಲವೂ ಮಂಡ್ಯ ಅವರನ್ನು ಲೋಕಸಭೆಗೆ ಕಳಿಸಿತು. ಇವೆಲ್ಲ ಎಲ್ಲರಿಗೂ ಗೊತ್ತಿರುವ ಮಾತೇ.

2018ರ 'ಅಂಬಿ ನಿಂಗ್ ವಯಸ್ಸಾಯ್ತೋ' ಚಿತ್ರದಲ್ಲಿ ಅವರು ಮತ್ತೆ ಬರಿಯ ಪಾತ್ರವಾದರು: ಸಿನಿಮಾಕ್ಕಾಗಿ ಪೆಟ್ಟು ತಿಂದು ನಿವೃತ್ತನಾಗಿ, ಮಗನ ಮನೆಯಲ್ಲಿ ಕೂತ ಹಳೆಯ ಸಾಹಸ ಕಲಾವಿದ.

ಅದೇ ವರ್ಷ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಶಾಲೆಗೆ ಹೋಗಿದ್ದ ಮಕ್ಕಳೂ ಅವರಲ್ಲಿದ್ದರು. ಆ ರಾತ್ರಿಯೇ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಮರುದಿನ ದೇಹವನ್ನು ಮಂಡ್ಯಕ್ಕೆ ತಂದರು. ಬೆಂಗಳೂರಿಗೆ ಹಿಂದಿರುಗಿಸುವ ಮುನ್ನ ಪತ್ನಿ ಸುಮಲತಾ ಅಲ್ಲಿಯ ಮಣ್ಣನ್ನು ಅವರ ಹಣೆಗಿಟ್ಟರು.