ಬೂದಿಗೆರೆಯಿಂದ ಕಂಡ ಬಂದರು

ಬೂದಿಗೆರೆಯ ನಮಗೆ ನೀರೆಂದರೆ ಕೆರೆ. ಬಂದರನ್ನು ಕಂಡಿದ್ದು ಚಿತ್ರದಲ್ಲೇ. ಫ್ರಾನ್ಸಿನ ಕ್ಲಾಡ್ ಮೊನೆ 1872ರಲ್ಲಿ ತಾನು ಬೆಳೆದ ಲೆ ಹಾವ್ರ್ ಊರಿನ ಬಂದರನ್ನು ಬರೆದ. ಮಂಜಿನಲ್ಲಿ ಮಸುಕಾದ ಹಡಗಿನ ಕಂಬಗಳು, ಹೊಗೆ, ಪುಟ್ಟ ದೋಣಿಗಳು, ಕಿತ್ತಳೆ ಬಣ್ಣದ ಸೂರ್ಯ. 1874ರ ಪ್ರದರ್ಶನದಲ್ಲಿ ವಿಮರ್ಶಕ ಲೂಯಿ ಲೆರುವಾ, ಗೋಡೆಗೆ ಅಂಟಿಸುವ ಕಾಗದವೇ ಇದಕ್ಕಿಂತ ವಾಸಿ ಎಂದು ಗೇಲಿ ಮಾಡಿದ. ಚಿತ್ರದ ಹೆಸರಿನಲ್ಲಿದ್ದ 'ಇಂಪ್ರೆಷನ್' ಹಿಡಿದು ಆತ ಹಂಗಿಸಿದ. ಕಲಾವಿದರು ಅದನ್ನೇ ತಮ್ಮ ಹೆಸರಾಗಿಸಿಕೊಂಡರು.

ನಮ್ಮ ಹಿರಿಯರಿಗೆ ಬಂದರೆಂದರೆ ಬೊಂಬಾಯಿ. ಅಲ್ಲಿಂದ ಹೊರಡುತ್ತಿದ್ದ ಹಜ್ ಹಡಗುಗಳು 1995ರಲ್ಲಿ ನಿಂತವು. 2008ರಲ್ಲಿ ದೇವನಹಳ್ಳಿಯ ಬಳಿಯೇ ವಿಮಾನ ನಿಲ್ದಾಣ ಬಂತು. ಈಗ ಹಜ್‌ಗೆ ಹೊರಟ ಹಿರಿಯರನ್ನೂ, ಕೊಲ್ಲಿಗೆ ದುಡಿಯಲು ಹೊರಟ ಮಕ್ಕಳನ್ನೂ ನಾವು ಬೀಳ್ಕೊಡುವುದು ಅಲ್ಲೇ. ಗಾಜಿನಾಚೆ ಮಗನ ಬೆನ್ನು ಮರೆಯಾಗುವ ಮೊದಲೇ ಅಮ್ಮಂದಿರ ಕಣ್ಣು ಮಂಜಾಗುತ್ತದೆ. ಮೊನೆಯ ಮಂಜನ್ನು ನಕ್ಕವರು ಯಾರನ್ನೂ ದಡದಲ್ಲಿ ನಿಂತು ಕಳುಹಿಸಿಕೊಟ್ಟಿರಲಿಲ್ಲವೇನೋ.