ಗ್ಯಾರೇಜಿಗೆ ಹೋದ ತಕ್ಕಡಿ

ಕ್ಯಾಲಿಫೋರ್ನಿಯಾದ ಮಗನ ಮನೆಗೆ ಹೋದ ಮೂರನೇ ದಿನ ಸೊಸೆಯ ಅಡುಗೆಮನೆಯ ತಕ್ಕಡಿ ಕಾಣೆಯಾಯಿತು. ಹುಡುಕಿದರೆ ಅದು ಗ್ಯಾರೇಜಿನಲ್ಲಿತ್ತು. ಹದಿನಾರು ವರ್ಷದ ಮೊಮ್ಮಗ ಅದರ ಮೇಲೆ ಪೆಡಲ್ ಇಟ್ಟು ತೂಗುತ್ತಿದ್ದ!

"ಅಜ್ಜ, ಬೆಟ್ಟದ ಸೈಕಲ್ ಕಟ್ತಾ ಇದ್ದೀನಿ. ಲಾಂಗ್ ಟ್ರಾವೆಲ್!" ಎಂದ.

ಟ್ರಾವೆಲ್ ಎಂದರೆ ನನಗೆ ಗೊತ್ತಿದ್ದದ್ದು ಸಾಗರದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು. ಅವನು ನಕ್ಕು, ಮುಂದಿನ ಫೋರ್ಕನ್ನು ಒತ್ತಿ ತೋರಿಸಿದ. ಚಕ್ರ ಕಲ್ಲಿಗೆ ಬಡಿದಾಗ ಫೋರ್ಕ್ ಒಳಕ್ಕೆ ಸರಿದು ಏಟನ್ನು ನುಂಗುತ್ತದೆ. ಚಕ್ರ ಎಷ್ಟು ಮೇಲಕ್ಕೆ ಸರಿಯಬಲ್ಲದೋ ಅದೇ ಟ್ರಾವೆಲ್. ಇವನದು 160 ಮಿಲಿಮೀಟರ್, ಹೆಚ್ಚುಕಡಿಮೆ ಮುಕ್ಕಾಲು ಗೇಣು.

ಇಂಥ ಸೈಕಲ್ ಇಳಿಜಾರಿಗೆ ಚೆನ್ನ, ಆದರೆ ಭಾರ. ಮೊದಲು ಬೆಟ್ಟ ಹತ್ತಬೇಕಲ್ಲ? ಅದಕ್ಕೇ ಅವನು ಗ್ರಾಂ ಲೆಕ್ಕ ಹಿಡಿದಿದ್ದ. ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಶಾಕ್, ಅಲ್ಯೂಮಿನಿಯಂ ಹ್ಯಾಂಡಲ್ ಬದಲು ಕಾರ್ಬನ್ ಹ್ಯಾಂಡಲ್. ಟೈರಿನೊಳಗೆ ಟ್ಯೂಬೇ ಇಲ್ಲ, ಹಾಲಿನಂಥ ದ್ರವವಿದೆ. ಮುಳ್ಳು ಚುಚ್ಚಿದರೆ ಅದೇ ತೂತನ್ನು ಮುಚ್ಚುತ್ತದೆಯಂತೆ. ಒಂದೊಂದರ ತೂಕವನ್ನೂ ಗೋಡೆಯ ಹಾಳೆಯಲ್ಲಿ ಬರೆದಿದ್ದ.

ಕೊನೆಗೆ ಟೈರು ತೂಗಿದ. 820 ಗ್ರಾಂ. "ಗಟ್ಟಿ ಟೈರಿಗಿಂತ 400 ಗ್ರಾಂ ಉಳೀತು!"

ನಾನು ಅಕ್ಕಿ ಮೂಟೆ ಹೇರಿಕೊಂಡು ಸೈಕಲ್ ತುಳಿದವನು. ಟೈರಿನ ಪಕ್ಕ ಒತ್ತಿ ನೋಡಿ, "ತೀರಾ ತೆಳ್ಳಗಾಯ್ತಲ್ಲೋ ಪುಟ್ಟ" ಎಂದೆ.

"ಇದು ನಿನ್ನ ಕಾಲದ ರಬ್ಬರ್ ಅಲ್ಲ ಅಜ್ಜ."

ಭಾನುವಾರ ಗೋಲ್ಡನ್ ಗೇಟ್ ಸೇತುವೆ ದಾಟಿ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರಿಗೆ ಹೋದೆವು. ಪಕ್ಕದಲ್ಲೇ ಟ್ಯಾಮಲ್‌ಪೈಸ್ ಬೆಟ್ಟ. ಮಕ್ಕಳೇ, ಇಂದಿನ ಮೌಂಟನ್ ಬೈಕ್ ಬೆಳೆದದ್ದು ಇಲ್ಲೇ. 1970ರ ದಶಕದಲ್ಲಿ ಇಲ್ಲಿನ ಯುವಕರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಬೆಟ್ಟಕ್ಕೆ ಒಯ್ದು ಕೆಳಕ್ಕೆ ಬಿಡುತ್ತಿದ್ದರು. ಒಂದೊಂದೂ ಸುಮಾರು 20 ಕಿಲೋ! ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಒಂದು ಮಣ್ಣುದಾರಿಯಂತೂ ಎರಡು ಮೈಲಿಯಷ್ಟರಲ್ಲೇ 1,300 ಅಡಿ ಇಳಿಯುತ್ತದೆ. ಕೆಳಗೆ ಬರುವಷ್ಟರಲ್ಲಿ ಬ್ರೇಕಿನ ಗ್ರೀಸ್ ಬೆಂದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಿತ್ತು. ಹಾಗಾಗಿ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರು. 1976ರಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಮರುವರ್ಷ ಜೋ ಬ್ರೀಜ್ ಎಂಬುವರು ಬೆಟ್ಟಕ್ಕೆಂದೇ ಹೊಸ ಸೈಕಲ್ ಕಟ್ಟಿದರು. ಊರಿನ ಸೈಕಲ್ ಮ್ಯೂಸಿಯಂನಲ್ಲಿ ಈ ಕಥೆಯೆಲ್ಲ ಇದೆ.

ಮೊಮ್ಮಗ ಹೆಲ್ಮೆಟ್ ಹಾಕಿಕೊಂಡು, "ಎರಡು ಗಂಟೆಯಲ್ಲಿ ಕೆಳಗಿರ್ತೀನಿ" ಎಂದು ಬೆಟ್ಟ ಹತ್ತಿದ. ನಾನೂ ಮಗನೂ ರೀಪ್ಯಾಕ್ ದಾರಿಯ ಬುಡದಲ್ಲಿ ಕಾದೆವು. ಎರಡು ಗಂಟೆ ಮೂರಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಮರಗಳ ನೆರಳು ಉದ್ದವಾಯಿತು. ಮಗ ಮಾತೇ ಆಡಲಿಲ್ಲ. ಅವನೂ ಹುಡುಗನಾಗಿದ್ದಾಗ ಒಮ್ಮೆ ಸೈಕಲ್ ತೆಗೆದುಕೊಂಡು ಹೋಗಿ ಕತ್ತಲಾದರೂ ಬಂದಿರಲಿಲ್ಲ. ಅದು ನೆನಪಾದರೂ ಬಾಯಿಬಿಡಲಿಲ್ಲ.

ಇನ್ನೇನು ಹತ್ತಿ ಹುಡುಕೋಣ ಎನ್ನುವಾಗ ತಿರುವಿನಲ್ಲಿ ಹುಡುಗ ಕಂಡ. ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಮೊಣಕಾಲು ತರಚಿತ್ತು. ಚೂಪು ಕಲ್ಲು ಟೈರಿನ ಪಕ್ಕವನ್ನು ಉದ್ದಕ್ಕೆ ಸೀಳಿತ್ತು. ಮುಳ್ಳಿನ ತೂತು ಮುಚ್ಚುವ ದ್ರವ ಅಷ್ಟು ದೊಡ್ಡ ಸೀಳಿಗೆ ಸಾಲದೆ ಚೆಲ್ಲಿಹೋಗಿತ್ತು. ಇಂಥ ಸಮಯಕ್ಕೆಂದೇ ಒಯ್ಯುವ ಟ್ಯೂಬನ್ನು, ಭಾರವೆಂದು ಮನೆಯಲ್ಲೇ ಬಿಟ್ಟಿದ್ದ!

ಮಗ ಬೈಯಲು ಬಾಯಿ ತೆರೆದ. ನಾನು ಕಣ್ಸನ್ನೆ ಮಾಡಿ, ನೀರಿನ ಬಾಟಲಿ ಹುಡುಗನ ಕೈಗಿತ್ತೆ. ಅವನು ಗಟಗಟ ಕುಡಿದು, "ಹತ್ತುವಾಗ ಹೂವಿನ ಹಾಗಿತ್ತು ಅಜ್ಜ" ಎಂದ ಮೆಲ್ಲಗೆ.

ಮರುದಿನ ಗ್ಯಾರೇಜಿನಲ್ಲಿ ಗಟ್ಟಿ ಟೈರು ಬಂತು. ಹಗುರ ಹ್ಯಾಂಡಲ್, ಗಾಳಿಯ ಶಾಕ್ ಹಾಗೇ ಉಳಿದವು. ನೆಲಕ್ಕೆ ತಾಗುವ ಕಡೆ ಮಾತ್ರ ಜಿಪುಣತನ ಬೇಡವೆಂದು ಅವನೇ ತೀರ್ಮಾನಿಸಿದ್ದ. ಗೋಡೆಯ ಹಾಳೆಯಲ್ಲಿ 820 ಹೊಡೆದುಹಾಕಿ 1,220 ಎಂದು ಬರೆದ. ಅದರ ಕೆಳಗೆ ಇನ್ನೊಂದು ಸಾಲು: 'ಟ್ಯೂಬ್, ಪಂಪ್.'

ತಕ್ಕಡಿ ಅಡುಗೆಮನೆಗೆ ಮರಳಿತು. ಅದರ ಮೇಲಿನ ಗ್ರೀಸಿನ ಕಲೆ ಹೋಗಲಿಲ್ಲವೆಂದು ಸೊಸೆ ಈಗಲೂ ಫೋನಿನಲ್ಲಿ ದೂರುತ್ತಾಳೆ.