ಸುಟ್ಟ ದಫ್ತರ, ಉಳಿದ ಹೆಸರು

ಮನುಷ್ಯರಿಗಿರುವಂತೆ ಕಾಗದಗಳಿಗೂ ಹಣೆಯಬರಹವೊಂದು ಉಂಟೆಂದು ತೋರುತ್ತದೆ. ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟ ಆಸ್ತಿಪತ್ರ ಗೆದ್ದಲಿನ ಪಾಲಾಗುತ್ತದೆ. ಬೇಳೆ ಬೆಲ್ಲದ ಲೆಕ್ಕ ಬರೆದ ಚೀಟಿಯೊಂದು ಹಳೆಯ ಪಂಚಾಂಗದ ನಡುವೆ ಐವತ್ತು ವರ್ಷ ಬೆಚ್ಚಗೆ ಕುಳಿತಿರುತ್ತದೆ. ಒಂದು ಮನೆಯಲ್ಲಿ ಹೀಗಾದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಇಡೀ ದೇಶದ ಕಾಗದಗಳ ಗತಿಯೇ ಹೀಗಾದರೆ? ಐರ್ಲೆಂಡಿಗೆ ಆದದ್ದು ಅದೇ.

ಡಬ್ಲಿನ್ ನಗರದಲ್ಲಿ ಲಿಫಿ ನದಿಯ ದಡದ ಮೇಲೆ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ದೊಡ್ಡ ಕಟ್ಟಡವಿದೆ. ಆ ಆವರಣದಲ್ಲೇ ದೇಶದ ದಫ್ತರಖಾನೆಯೂ ಇತ್ತು. ಇಂಗ್ಲೆಂಡಿನೊಡನೆ ಮಾಡಿಕೊಂಡ ಒಪ್ಪಂದ ಸರಿಯೆಂದವರು, ಸಲ್ಲದೆಂದವರು ಎಂದು, ಸ್ವಾತಂತ್ರ್ಯಕ್ಕಾಗಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದವರೇ ಎರಡು ಪಂಗಡವಾದರು. ಸಲ್ಲದೆಂದವರು 1922ರ ಏಪ್ರಿಲಿನಲ್ಲಿ ಈ ಕಟ್ಟಡವನ್ನು ಹಿಡಿದು ಕುಳಿತರು. ಜೂನ್ 28ರಂದು ಹೊಸ ಸರ್ಕಾರದ ಫಿರಂಗಿಗಳು ಅದರ ಕಡೆಗೆ ತಿರುಗಿದುವು. 30ರಂದು ಭಾರಿ ಸ್ಫೋಟ, ಹಿಂದೆಯೇ ಬೆಂಕಿ. ಏಳು ಶತಮಾನಗಳ ದಾಖಲೆ ಆಕಾಶಕ್ಕೇರಿ, ಕರಿ ಹಿಡಿದ ಚೂರುಗಳಾಗಿ ಡಬ್ಲಿನ್ನಿನ ಬೀದಿಗಳ ಮೇಲೆ ಉದುರಿತು.

ಬೆಂಕಿಯನ್ನೊಂದೇ ದೂರುವುದು ನ್ಯಾಯವಲ್ಲ. ಅಲ್ಲಿ 1821ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿತ್ತು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಖಾನೇಷುಮಾರಿ. ಮೊದಲ ನಾಲ್ಕು ಗಣತಿಗಳ ಹಾಳೆಗಳಲ್ಲಿ ಚೂರುಪಾರು ಉಳಿದು ಮಿಕ್ಕದ್ದೆಲ್ಲ 1922ರಲ್ಲಿ ಬೂದಿಯಾಯಿತು. 1861 ಮತ್ತು 1871ರ ಹಾಳೆಗಳನ್ನಾದರೋ, ಎಣಿಕೆ ಮುಗಿಯಿತು, ಇನ್ನೇಕೆ ಎಂದು ಸರ್ಕಾರವೇ ಹಿಂದೆಯೇ ನಾಶ ಮಾಡಿಸಿತ್ತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಅಭಾವ ಬಂದಾಗ ಅರೆಯುವ ಯಂತ್ರಕ್ಕೆ ಹೋದುವು. ಇಡಿಯಾಗಿ ಉಳಿದಿರುವುದರಲ್ಲಿ ಮೊದಲಿನವು 1901 ಮತ್ತು 1911ರ ಗಣತಿಗಳು.

ಇವುಗಳಲ್ಲಿ 1851ರ ಹಾಳೆಗಳನ್ನು ನೆನೆದರೆ ನನಗೆ ಹೆಚ್ಚು ಸಂಕಟವಾಗುತ್ತದೆ. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಅಲ್ಲಿ ಮಹಾಕ್ಷಾಮ ಬಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. 1841ರಲ್ಲಿ 81 ಲಕ್ಷ 75 ಸಾವಿರವಿದ್ದ ಜನಸಂಖ್ಯೆ 1851ರಲ್ಲಿ 65 ಲಕ್ಷ 52 ಸಾವಿರಕ್ಕೆ ಇಳಿದಿತ್ತು. ಆ ವರ್ಷದ ಗಣತಿಯಲ್ಲಿ ಮನೆಯಲ್ಲಿ ಈಗ ಇರುವವರನ್ನು ಮಾತ್ರ ಕೇಳಲಿಲ್ಲ. ಕಳೆದ ಗಣತಿಯಿಂದೀಚೆಗೆ ಮನೆಯಲ್ಲಿ ಸತ್ತವರು ಯಾರು ಎಂದೂ ಕೇಳಿ ಬರೆಸಿಕೊಂಡಿದ್ದರು. ಕ್ಷಾಮದಲ್ಲಿ ಮಡಿದವರ ಹೆಸರುಗಳನ್ನು ಮನೆಮನೆಗೆ ಹೋಗಿ ಒಟ್ಟುಗೂಡಿಸಿದ ಪಟ್ಟಿ ಅದು. ಒಟ್ಟು ಅಂಕಿಗಳು ಆಗಲೇ ಅಚ್ಚಾಗಿದ್ದುದರಿಂದ ಉಳಿದುವು, ಹೆಸರುಗಳು ಸುಟ್ಟುಹೋದುವು.

ಹಡಗು ಹತ್ತಿದವರ ಮೊಮ್ಮಕ್ಕಳ ಮಕ್ಕಳು ಈಗ ಅಮೆರಿಕೆಯಲ್ಲಿ, ಆಸ್ಟ್ರೇಲಿಯದಲ್ಲಿ, ಕೆನಡದಲ್ಲಿ ಇದ್ದಾರೆ. ಮುತ್ತಜ್ಜನ ಊರು ಯಾವುದೆಂದು ಹುಡುಕುತ್ತಾ ಅವರು ಡಬ್ಲಿನ್ನಿಗೆ ಬರುತ್ತಾರೆ. ಅನೇಕರ ಕೈಯಲ್ಲಿರುವುದು ಒಂದು ಮನೆತನದ ಹೆಸರು, ಒಂದು ಜಿಲ್ಲೆಯ ಹೆಸರು, ಇಷ್ಟೇ. ಆ ದೇಶದಲ್ಲಿ ಟೌನ್‌ಲ್ಯಾಂಡ್ ಎಂದು ಕರೆಯುವ, ನಮ್ಮ ಮಜರೆ ಹಳ್ಳಿಯಂಥ ವಿಭಾಗಗಳು ಅರವತ್ತು ಸಾವಿರಕ್ಕೂ ಹೆಚ್ಚು. ಅದು ಯಾವುದೆಂದು ತಿಳಿಯದಿದ್ದರೆ ಹುಡುಕಾಟ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಇನ್ನು ಮನೆತನದ ಹೆಸರೋ, ಮರ್ಫಿ ಎಂದು ಹೇಳಿದರೆ ಮುಗಿಯಿತು. ನಮ್ಮಲ್ಲಿ ‘ಗೌಡರ ಮನೆ ಎಲ್ಲಿ?’ ಎಂದು ಕೇಳಿದ ಹಾಗೆ.

ಹಾಗಾದರೆ ಅವರಿಗೆ ದಾರಿ ತೋರಿಸುವ ಕಾಗದ ಯಾವುದು? ಇಲ್ಲಿಯೇ ಹಣೆಯಬರಹದ ತಮಾಷೆ ಇರುವುದು. ಜನರಿಂದ ದುಡ್ಡು ಕೀಳಲು ಬರೆದಿಟ್ಟ ಲೆಕ್ಕಗಳು ಬಹುಮಟ್ಟಿಗೆ ಉಳಿದಿವೆ. 1823ರಿಂದ 1837ರವರೆಗೆ, ಸರ್ಕಾರಿ ಧರ್ಮಸಭೆಗೆ ದಶಾಂಶ ಕಾಣಿಕೆ ಯಾರು ಎಷ್ಟು ಕೊಡಬೇಕೆಂದು ಊರೂರಿಗೂ ಪುಸ್ತಕ ಬರೆದರು. ಕೊಡಬೇಕಾದವರಲ್ಲಿ ಹೆಚ್ಚಿನವರು ಆ ಸಭೆಗೆ ಸೇರಿದವರೇ ಅಲ್ಲ, ಕ್ಯಾಥೊಲಿಕರು! ಆಮೇಲೆ 1847ರಿಂದ 1864ರವರೆಗೆ ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ಕೈಕೆಳಗೆ ದೇಶದ ಎಲ್ಲ ಹೊಲಮನೆಗಳಿಗೂ ಬೆಲೆ ಕಟ್ಟಿದರು. ಯಾವ ಹೊಲ, ಯಾರ ಅನುಭವದಲ್ಲಿದೆ, ಯಾರಿಗೆ ಗೇಣಿ ಕೊಡುತ್ತಾನೆ, ಎಲ್ಲವೂ ಅಲ್ಲಿದೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಗುರುತಿಗಾಗಿ ತಂದೆಯ ಹೆಸರನ್ನೋ ಕಸುಬನ್ನೋ ಪಕ್ಕದಲ್ಲಿ ಬರೆದಿದ್ದಾರೆ. ನಾಯಿ ಸಾಕುವವರು ರುಸುಂ ಕಟ್ಟಬೇಕೆಂದು 1865ರಲ್ಲಿ ಕಾನೂನಾಯಿತು. ಆ ಪುಸ್ತಕಗಳೂ ಎಷ್ಟೋ ಉಳಿದಿವೆ. ಕುಡಿದು ಬೀದಿಯಲ್ಲಿ ಬಿದ್ದವನು, ಪಕ್ಕದವನ ಹೊಲಕ್ಕೆ ದನ ಬಿಟ್ಟವನು, ಇಂಥವರಿಗೆ ಜುಲ್ಮಾನೆ ಹಾಕಿದ ಸಣ್ಣ ಕೋರ್ಟುಗಳ ಪುಸ್ತಕಗಳೂ ಉಳಿದಿವೆ. ಸಾಧುವಾಗಿ ಬಾಳಿ ಸತ್ತವನ ಸುಳಿವಿಲ್ಲ. ನಾಯಿ ಸಾಕಿ, ಜಗಳವಾಡಿ, ದಂಡ ತೆತ್ತವನು ಮರಿಮಕ್ಕಳಿಗೆ ಸಿಕ್ಕುತ್ತಾನೆ. ಆದರೆ ಸ್ವಂತಕ್ಕೆ ಗೇಣಗಲ ನೆಲವಿಲ್ಲದೆ ಇನ್ನೊಬ್ಬರ ಸೂರಿನ ಕೆಳಗಿದ್ದ ಕೂಲಿಯವನು ಗ್ರಿಫಿತನ ಪುಸ್ತಕದಲ್ಲೂ ಇಲ್ಲ. ವಸೂಲು ಮಾಡಲು ಅವನಲ್ಲಿ ಏನಿತ್ತು?

ದೇವರ ಮನೆಯ ಪುಸ್ತಕಗಳ ಕಥೆ ಇನ್ನೂ ವಿಚಿತ್ರ. ಆಳುವವರ ಧರ್ಮಸಭೆಯ ಜನನ, ಮದುವೆ, ಮರಣಗಳ ಪುಸ್ತಕಗಳು ಸರ್ಕಾರಿ ದಾಖಲೆಗಳೆಂದು 1870ರ ದಶಕದಲ್ಲಿ ಕಾನೂನಾಯಿತು. ಭದ್ರವಾಗಿರಲೆಂದು ಅನೇಕ ಚರ್ಚುಗಳಿಂದ ಅವನ್ನು ಡಬ್ಲಿನ್ನಿಗೆ ತರಿಸಿದರು, ತಂದವು ಸುಟ್ಟುಹೋದುವು. ಬಹುಸಂಖ್ಯಾತರಾದ ಕ್ಯಾಥೊಲಿಕರ ಪುಸ್ತಕಗಳಿಗೆ ಆ ಮರ್ಯಾದೆ ಸಿಕ್ಕಲಿಲ್ಲ. ಹಳ್ಳಿಯ ಪಾದ್ರಿಯ ಮನೆಯಲ್ಲೇ ಬಿದ್ದಿದ್ದುವು, ಉಳಿದುವು. ಹಳೆಯವನ್ನು 2015ರಿಂದ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಎಲ್ಲರೂ ಕಾಸಿಲ್ಲದೆ ಓದುವಂತೆ ಅಂತರಜಾಲದಲ್ಲಿ ಇಟ್ಟಿದೆ. ಅವುಗಳಲ್ಲಿ ಎಷ್ಟೋ ಪುಟ ಲ್ಯಾಟಿನ್ನಿನಲ್ಲಿವೆ. ಮನೆಯಲ್ಲಿ ಜೇಮ್ಸ್ ಆಗಿದ್ದವನು ಅಲ್ಲಿ ಜಾಕೋಬುಸ್. ಬ್ರಿಜೆಟ್ ಎಂಬ ಹುಡುಗಿ ಬ್ರಿಜಿದಾ. ದೀಕ್ಷಾಸ್ನಾನದ ದಿನ ಮಗುವಿಗೆ ಧರ್ಮಪಿತ, ಧರ್ಮಮಾತೆಯಾಗಿ ನಿಂತವರ ಹೆಸರೂ ಇರುತ್ತದೆ. ಅವರು ಸಾಮಾನ್ಯವಾಗಿ ನೆಂಟರು ಇಲ್ಲವೆ ನೆರೆಯವರು. ಅಲ್ಲಿಂದ ಎಳೆ ಹಿಡಿದು ಇನ್ನೊಂದು ಮನೆಗೆ ಹೋಗಬಹುದು.

ಸುಟ್ಟ ಗಣತಿಗಳ ಒಂದಿಷ್ಟು ಪಾಲು ಉಳಿದದ್ದು ಮುದುಕರ ದೆಸೆಯಿಂದ. ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಷಿಲಿಂಗ್ ವೃದ್ಧಾಪ್ಯವೇತನ ಕೊಡುವ ಕಾನೂನು 1908ರಲ್ಲಿ ಬಂತು. 1909ರ ಜನವರಿಯಿಂದ ಹಣ ಕೈಗೆ ಬರತೊಡಗಿತು. ವಯಸ್ಸಿಗೆ ರುಜುವಾತು? ಎಲ್ಲರ ಜನನವನ್ನೂ ಸರ್ಕಾರ ಬರೆದುಕೊಳ್ಳಲು ತೊಡಗಿದ್ದೇ 1864ರಲ್ಲಿ. ನಮ್ಮ ಅಜ್ಜಿಯರು ‘ಧಾತು ಈಶ್ವರ ಬರದಲ್ಲಿ ಹುಟ್ಟಿದವಳು’ ಎನ್ನುತ್ತಿದ್ದಂತೆ ಅಲ್ಲಿನ ಮುದುಕರು ‘ದೊಡ್ಡ ಗಾಳಿಯ ರಾತ್ರಿ ನನಗೆ ನೆನಪಿದೆ’ ಎಂದರು. ಅದು 1839ರ ಜನವರಿ 6ರ ರಾತ್ರಿ ಬೀಸಿದ ಬಿರುಗಾಳಿ. ಲೆಕ್ಕ ಹಾಕಿದರೆ ಸರಿಯಾಗಿ ಎಪ್ಪತ್ತು ವರ್ಷ! ಬರಿಯ ನೆನಪನ್ನು ನಂಬದ ಅಧಿಕಾರಿಗಳು, 1841 ಮತ್ತು 1851ರ ಗಣತಿಯಲ್ಲಿ ಇವರು ಮಕ್ಕಳಾಗಿ ಇದ್ದರೆ ಎಂದು ಹುಡುಕಿಸಿದರು. ಗುಮಾಸ್ತರು ತಂದೆತಾಯಿಗಳ ಹೆಸರು ನೋಡಿ, ಕೆಲವು ವೇಳೆ ಮನೆಮಂದಿಯನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡರು. ಮೂಲ ಸುಟ್ಟಿತು, ಆ ಚೀಟಿಗಳು ಉಳಿದುವು. ಐದು ಷಿಲಿಂಗ್ ಬೇಕೆಂದು ಅರ್ಜಿ ಹಾಕಿದ ಅಜ್ಜಿ, ತನಗೇ ತಿಳಿಯದೆ ತನ್ನ ಅಪ್ಪ ಅಮ್ಮ, ಅಣ್ಣ ತಮ್ಮಂದಿರನ್ನು ಬೆಂಕಿಯಿಂದ ಹೊರಗೆ ತಂದಿದ್ದಳು. ಈ ವೇತನದ ಪ್ರಭಾವದಿಂದಲೇ ಇರಬೇಕು, 1901ಕ್ಕೂ 1911ಕ್ಕೂ ನಡುವೆ ಅನೇಕರ ವಯಸ್ಸು ಹತ್ತಲ್ಲ, ಹದಿಮೂರು ಹದಿನಾಲ್ಕು ಏರಿದೆ. ಯಾರಾದರೂ ಅವರನ್ನು ಸುಳ್ಳರೆಂದರೆ ನಾನಂತೂ ಒಪ್ಪಲಾರೆ.

ಬೇರೆ ಕಡೆ ನಕಲಾಗಿದ್ದವೂ ಉಳಿದುವು. ಕುಂಪಣಿಯ ಮತ್ತು ರಾಣಿಯ ಸೈನ್ಯಗಳಿಗೆ ಸೇರಿ ಇಂಡಿಯಕ್ಕೆ ಬಂದ ಐರಿಷ್ ಸಿಪಾಯಿಗಳು ಕಡಮೆಯಲ್ಲ. ಮದರಾಸಿನ ಹಳೆಯ ಯೂರೋಪಿಯನ್ ಪಡೆಯೇ 1881ರಲ್ಲಿ ಡಬ್ಲಿನ್ ಫ್ಯುಸಿಲಿಯರ್ಸ್ ಪಡೆಯಲ್ಲಿ ಸೇರಿತು. ಮದರಾಸು ಪ್ರಾಂತದ ದಂಡುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ನಮ್ಮ ಬೆಂಗಳೂರಿನ ದಂಡೂ ಅದರಲ್ಲಿ ಸೇರಿತ್ತು. ಅವು ಈಗ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಇಂಥ ನಕಲುಗಳನ್ನೂ ಟಿಪ್ಪಣಿಗಳನ್ನೂ ಎಲ್ಲೆಲ್ಲಿಂದಲೋ ಕೂಡಿಸಿ, ಸುಟ್ಟ ದಫ್ತರಖಾನೆಯನ್ನು ಮತ್ತೆ ಕಟ್ಟುವ ಕೆಲಸವನ್ನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಕೈಗೊಂಡು, ಶತಮಾನ ತುಂಬಿದ 2022ರ ಜೂನ್ ತಿಂಗಳಲ್ಲಿ ಅಂತರಜಾಲದಲ್ಲಿ ತೆರೆದಿಟ್ಟರು.

ಆ ದೇಶದಲ್ಲಿ ನನಗೆ ನೆಂಟರಿಲ್ಲ, ಇಷ್ಟರಿಲ್ಲ. ಆದರೂ 1911ರ ಗಣತಿಯ ಹಾಳೆಗಳನ್ನು ತೆರೆದು ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ‘ಅವರ ಅಜ್ಜಂದಿರ ಉಸಾಬರಿ ನಿಮಗೇಕೆ?’ ಎಂದು ಮನೆಯಲ್ಲಿ ಕೇಳುತ್ತಾರೆ. ಶ್ರಾದ್ಧದ ದಿನ ಮೂರು ತಲೆಯ ಹೆಸರು ಹೇಳಿ, ನಾಲ್ಕನೆಯದಕ್ಕೆ ತಡವರಿಸುವ ನನ್ನಂಥವನಿಗೆ ಈ ಪ್ರಶ್ನೆ ಸಲ್ಲುವುದೇ. ನನ್ನ ಉತ್ತರ ಇಷ್ಟು: ಆ ಹಾಳೆಗಳನ್ನು ಮನೆಯ ಯಜಮಾನನೇ ಸ್ವಂತ ಕೈಯಿಂದ ತುಂಬಬೇಕಿತ್ತು. ಬರೆಯಲು ಬಾರದವನು ಒಂದು ಅಡ್ಡಗೀಟು, ಅದರ ಮೇಲೊಂದು ಗೀಟು ಎಳೆದು ಗುರುತು ಹಾಕಿದ್ದಾನೆ. ಆ ವರ್ಷ ಹೊಸದಾಗಿ ಕೆಲವು ಅಂಕಣಗಳು ಬಂದುವು. ಮದುವೆಯಾದ ಹೆಂಗಸರು ಎಷ್ಟು ವರ್ಷ ಸಂಸಾರ ಮಾಡಿದರು, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಬದುಕಿದ್ದಾರೆ, ಇದನ್ನು ಬರೆಯಬೇಕು. ಗಂಡ ಇರುವವರಿಗೆ ಮಾತ್ರ ಈ ಪ್ರಶ್ನೆ, ವಿಧವೆಯರಿಗೆ ಅಲ್ಲ. ಆದರೂ ಎಷ್ಟೋ ಮಂದಿ ವಿಧವೆಯರ ಸಾಲಿನಲ್ಲಿ ಈ ಲೆಕ್ಕ ಬರೆದಿದೆ. ಹುಟ್ಟಿದವು ಇಷ್ಟು, ಉಳಿದವು ಇಷ್ಟು. ಆಮೇಲೆ ಹಾಳೆಯನ್ನು ತಿದ್ದಿದವರು, ಬೇಡದ ಮಾಹಿತಿಯೆಂದು ಅದರ ಮೇಲೆ ಒಂದು ಗೀಟು ಎಳೆದಿದ್ದಾರೆ.

ಸರ್ಕಾರದ ಎಣಿಕೆಗೆ ಅದು ಬೇಕಿರಲಿಲ್ಲ, ನಿಜ. ಕೇಳಿದವರಿಲ್ಲದಿದ್ದರೂ ಅವಳಿಗೆ ಹೇಳಬೇಕೆನಿಸಿತ್ತು. ಗೀಟು ತೆಳ್ಳಗಿದೆ, ಕೆಳಗಿನ ಅಂಕಿಯನ್ನು ಈಗಲೂ ಓದಬಹುದು. ಆ ಮಕ್ಕಳಲ್ಲಿ ಯಾರೊಬ್ಬರ ಮೊಮ್ಮಗನೋ ಬಾಸ್ಟನ್ನಿನಲ್ಲಿಯೋ ಮೆಲ್ಬರ್ನಿನಲ್ಲಿಯೋ ಕುಳಿತು, ಒಂದು ದಿನ ಆ ಹಾಳೆಗೆ ಬಂದು ಸೇರಿ, ಗೀಟಿನ ಕೆಳಗೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಅದುವರೆಗೆ ಯಾರಾದರೊಬ್ಬರು ಅದನ್ನು ಓದುತ್ತಿದ್ದರೆ ತಪ್ಪೇನು?